ತಕ್ಕಡಿ ಹಿಡಿದವರ ನಿಯತ್ತು

ಹೆಣ್ಣು ಗಂಡಿನ ಸಮಾನತೆಯ ಮಾತು ಬಂದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಸ್ವೀಡನ್ನಿನ ಹೆಸರು ತಪ್ಪದೆ ಬರುತ್ತದೆ. ಅಲ್ಲಿ ಮಗು ಹುಟ್ಟಿದರೆ ಗಂಡಸಿಗೂ ರಜೆ ಉಂಟು, ಸಂಸತ್ತಿನಲ್ಲಿ ಹೆಂಗಸರು ಹೆಚ್ಚುಕಡಿಮೆ ಗಂಡಸರಷ್ಟೇ ಇದ್ದಾರೆ ಎಂದೆಲ್ಲ ಹೇಳುತ್ತೇವೆ. ಸುಳ್ಳೇನಲ್ಲ. 1995ರಲ್ಲಿ ವಿಶ್ವಸಂಸ್ಥೆಯ ವರದಿಯೇ ಈ ವಿಷಯದಲ್ಲಿ ಆ ದೇಶಕ್ಕೆ ಜಗತ್ತಿನಲ್ಲಿ ಮೊದಲ ಸ್ಥಾನ ಕೊಟ್ಟಿತ್ತು. ಅದೇ ವರ್ಷ ಅದೇ ದೇಶದಲ್ಲಿ ಇಬ್ಬರು ಹೆಂಗಸರು ಸರಕಾರಿ ಮಂಡಳಿಯೊಂದರ ಕಡತ ನೋಡಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಒಬ್ಬರು ಕ್ರಿಸ್ಟಿನ್ ವೆನ್ನೆರಾಸ್, ಇನ್ನೊಬ್ಬರು ಆಗ್ನೆಸ್ ವೋಲ್ಡ್. ಇಬ್ಬರೂ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಅವರನ್ನು ಕಾಡುತ್ತಿದ್ದ ಪ್ರಶ್ನೆ ತೀರ ಸರಳವಾದದ್ದು. ಆಗ ಸ್ವೀಡನ್ನಿನಲ್ಲಿ ಜೀವವೈದ್ಯ ವಿಷಯಗಳಲ್ಲಿ ಡಾಕ್ಟರೇಟ್ ಪಡೆಯುವವರ ಪೈಕಿ ಶೇಕಡಾ 44 ಮಂದಿ ಹೆಂಗಸರು. ಅದರ ಮುಂದಿನ ಮೆಟ್ಟಿಲಿನಲ್ಲಿ ಅವರು ಶೇಕಡಾ 25. ಪ್ರೊಫೆಸರ್ ಹುದ್ದೆಗೆ ಬಂದರೆ ಶೇಕಡಾ 7. ಮಿಕ್ಕವರೆಲ್ಲ ಎಲ್ಲಿಗೆ ಹೋದರು? ಹೆಂಗಸರಿಗೆ ಮಹತ್ವಾಕಾಂಕ್ಷೆ ಕಡಿಮೆ, ಮನೆ ಮಕ್ಕಳು ಎಂದು ಅವರೇ ಹಿಂದೆ ಸರಿಯುತ್ತಾರೆ ಎಂಬ ಉತ್ತರ ಅಲ್ಲಿಯೂ ಸಿದ್ಧವಾಗಿತ್ತು. ಈ ಇಬ್ಬರು ಅದನ್ನು ನಂಬದೆ, ಅಂಕ ಹಾಕಿದವರ ಕಾಗದ ನೋಡೋಣ ಎಂದರು. ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲು ಕೊಡಲಿಲ್ಲ. ಆದರೆ ಸರಕಾರಿ ಕಡತವನ್ನು ಪ್ರಜೆ ನೋಡಬಹುದು ಎನ್ನುವ ಕಾನೂನು ಆ ದೇಶದಲ್ಲಿ 1766ರಿಂದಲೂ ಇದೆ. ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಹಾಗೆ ಹೊರಬಿದ್ದ ಲೆಕ್ಕ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಮಂಡಳಿಯ ಫೆಲೋಶಿಪ್ಪಿಗೆ ಆ ಸಲ ಅರ್ಜಿ ಹಾಕಿದ್ದವರು 114 ಮಂದಿ. ಗಂಡಸರು 62, ಹೆಂಗಸರು 52. ಸಿಕ್ಕಿದ್ದು 20 ಮಂದಿಗೆ. ಗಂಡಸರು 16, ಹೆಂಗಸರು 4. ಇಷ್ಟನ್ನೇ ನೋಡಿ ಯಾರೂ ಏನನ್ನೂ ಸಾಧಿಸಲಾರರು. ಗಂಡಸರ ಕೆಲಸವೇ ಹೆಚ್ಚು ಒಳ್ಳೆಯದಿದ್ದಿರಬಹುದಲ್ಲ? ಆದ್ದರಿಂದ ಅವರಿಬ್ಬರು ಪ್ರತಿಯೊಬ್ಬರೂ ಪ್ರಕಟಿಸಿದ ಲೇಖನಗಳೆಷ್ಟು, ಎಂಥ ಪತ್ರಿಕೆಗಳಲ್ಲಿ, ಬೇರೆಯವರು ಅದನ್ನು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದನ್ನೆಲ್ಲ ಎಣಿಸಿ, ತೀರ್ಪುಗಾರರು ಕೊಟ್ಟ ಅಂಕದ ಪಕ್ಕದಲ್ಲಿಟ್ಟರು. ಆಗ ಕಂಡದ್ದು ಇದು: ಗಂಡಸಿನಷ್ಟೇ ‘ಸಮರ್ಥ’ ಎನಿಸಿಕೊಳ್ಳಲು ಹೆಂಗಸು ಅವನಿಗಿಂತ ಸುಮಾರು 2.5 ಪಟ್ಟು ಕೆಲಸ ಮಾಡಿರಬೇಕಿತ್ತು. ಹೆಂಗಸರ ಪೈಕಿ ಅತಿ ಹೆಚ್ಚು ಸಾಧನೆಯ ಗುಂಪಿಗೆ ಸಿಕ್ಕ ಅಂಕ, ಗಂಡಸರ ಪೈಕಿ ಅತಿ ಕಡಿಮೆ ಸಾಧನೆಯ ಗುಂಪಿಗೆ ಸಿಕ್ಕಷ್ಟೇ.

ಅಂಕ ಹಾಕುವ ಪದ್ಧತಿಯನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಮರ್ಮ ಅಲ್ಲೇ ಇದೆ. ಒಂದೊಂದು ಅರ್ಜಿಗೂ ಐವರು ತೀರ್ಪುಗಾರರು. ಅರ್ಜಿದಾರರ ಸಾಮರ್ಥ್ಯ, ವಿಧಾನದ ಗುಣ, ವಿಷಯದ ಮಹತ್ವ ಎಂಬ ಮೂರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಬಳಿಕ ಮೂರನ್ನೂ ಕೂಡಿಸುವುದಲ್ಲ, ಗುಣಿಸುವುದು. ಹೆಂಗಸರಿಗೆ ಸರಾಸರಿ ಕಡಿಮೆ ಬಿದ್ದದ್ದು ಸಾಮರ್ಥ್ಯದಲ್ಲಿ 0.25, ವಿಧಾನದಲ್ಲಿ 0.13, ಮಹತ್ವದಲ್ಲಿ 0.17. ನೋಡಿದರೆ ಏನೂ ಅಲ್ಲ ಎನಿಸುವ ಕಾಲಂಶ, ಅರೆಕಾಲಂಶ. ಆದರೆ ಮೂರು ಮೂರಲಿ ಮೂರಲಿ 27 ಆಗುವ ಕಡೆ ಈ ಚೂರುಗಳನ್ನು ಕಳೆದು ಗುಣಿಸಿ ನೋಡಿ, ಸುಮಾರು 22ಕ್ಕೆ ಇಳಿಯುತ್ತದೆ. ನೂರಕ್ಕೂ ಹೆಚ್ಚು ಮಂದಿಯಲ್ಲಿ ಇಪ್ಪತ್ತು ಮಂದಿಯನ್ನು ಆರಿಸುವಲ್ಲಿ ಐದು ಅಂಕ ಎಂದರೆ ಬಾಗಿಲ ಒಳಗೂ ಹೊರಗೂ ಇರುವ ಅಂತರ.

ಈಗ ನಾವು ಕೇಳಬೇಕಾದ ನೈತಿಕ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಅನ್ಯಾಯ ಮಾಡಿದವರು ಯಾರು? ಐವರಲ್ಲಿ ಒಬ್ಬರೂ ಹೆಂಗಸರ ಅರ್ಜಿಯನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಒಬ್ಬರು ಮೂರು ಹಾಕುವ ಕಡೆ ಎರಡೂಮುಕ್ಕಾಲು ಎಂದುಕೊಂಡರು, ಅಷ್ಟೇ. ಕೇಳಿದ್ದರೆ ಎದೆಮುಟ್ಟಿ ಪ್ರಮಾಣ ಮಾಡುತ್ತಿದ್ದರು, ನಾವು ಯೋಗ್ಯತೆಯನ್ನಷ್ಟೇ ನೋಡಿದ್ದೇವೆ ಎಂದು. ಆ ಪ್ರಮಾಣ ಸುಳ್ಳೂ ಆಗಿರುತ್ತಿರಲಿಲ್ಲ. ಅನ್ಯಾಯಕ್ಕೊಳಗಾದವರು ಯಾರು ಎಂದರೆ ಅದಕ್ಕೂ ಉತ್ತರವಿಲ್ಲ. ಆ 52 ಹೆಂಗಸರಲ್ಲಿ ಯಾರೊಬ್ಬರೂ ತನ್ನ ಅರ್ಜಿಯೊಂದನ್ನೇ ಎತ್ತಿ ಹಿಡಿದು ‘ನೋಡಿ, ಇಲ್ಲಿ ನನಗೆ ಮೋಸವಾಗಿದೆ’ ಎನ್ನಲಾರರು. ಒಂದು ಅರ್ಜಿಯಲ್ಲಿ ಎರಡೂಮುಕ್ಕಾಲು ಎನ್ನುವುದು ಅಭಿಪ್ರಾಯ. ನೂರ ಹದಿನಾಲ್ಕು ಅರ್ಜಿಗಳನ್ನು ಒಟ್ಟಿಗೆ ಪೇರಿಸಿದಾಗ ಮಾತ್ರ ಅದು ಅನ್ಯಾಯವಾಗಿ ಕಾಣುತ್ತದೆ. ಮಾಡಿದವನಿಗೂ ತಿಳಿಯದ, ಅನುಭವಿಸಿದವಳಿಗೂ ತೋರಿಸಲಾಗದ ಈ ಬಗೆಯ ಅನ್ಯಾಯಕ್ಕೆ ನಮ್ಮ ನೀತಿಯ ಭಾಷೆಯಲ್ಲಿ ಹೆಸರೇ ಇಲ್ಲ.

ಉರ್ದುವಿನಲ್ಲಿ ‘ನೀಯತ್’ ಎಂದರೆ ಉದ್ದೇಶ, ಮನಸ್ಸಿನೊಳಗಿನ ಸಂಕಲ್ಪ. ಅದೇ ಶಬ್ದ ಕನ್ನಡಕ್ಕೆ ಬಂದು ‘ನಿಯತ್ತು’ ಆದಾಗ ಅರ್ಥ ಜರುಗಿತು. ನಿಯತ್ತಿನ ಮನುಷ್ಯ ಎಂದರೆ ನಾವು ಅವನ ಸಂಕಲ್ಪವನ್ನು ನೋಡುವುದಿಲ್ಲ, ವ್ಯವಹಾರವನ್ನು ನೋಡುತ್ತೇವೆ. ತೂಕ ಸರಿಯಿದೆಯೇ, ಕೊಟ್ಟ ಮಾತು ಉಳಿಸಿಕೊಂಡನೇ ಎಂದು ನೋಡುತ್ತೇವೆ. ಎರಡೂ ಶಾಲೆಗಳಲ್ಲಿ ಕಲಿತ ನಮಗೆ ಈ ಜರುಗುವಿಕೆ ಬಹಳ ಅರ್ಥಪೂರ್ಣವಾಗಿ ಕಂಡಿದೆ. ಸ್ವೀಡನ್ನಿನ ತೀರ್ಪುಗಾರರ ನೀಯತ್ ಸ್ವಚ್ಛವಾಗಿತ್ತು ಎಂದೇ ಇಟ್ಟುಕೊಳ್ಳೋಣ. ಅವರ ತಕ್ಕಡಿಗೆ ನಿಯತ್ತಿತ್ತೇ? ಕಿರಾಣಿ ಅಂಗಡಿಯವನ ತಕ್ಕಡಿ ಪ್ರತಿಸಲ ಅರೆಪಾವು ಕಡಿಮೆ ತೂಗುತ್ತಿದ್ದರೆ ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಅವನ ಮಾತನ್ನು ನಾವು ಮೊದಲನೆಯ ಸಲ ನಂಬುತ್ತೇವೆ. ಗೊತ್ತಾದ ಮೇಲೂ ಅದೇ ತಕ್ಕಡಿಯಲ್ಲಿ ತೂಗಿದರೆ?

ಇದನ್ನು ಓದಿ ‘ಅದು ಸ್ವೀಡನ್ನಿನ ಕತೆ’ ಎನ್ನುವವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಅಂಗಳಕ್ಕೆ ಒಮ್ಮೆ ಬರಬೇಕು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಳು. ಅವಳ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಹುಡುಗಿ ಹಟ ಬಿಡಲಿಲ್ಲ. ಕೊನೆಗೆ ಒಪ್ಪಿದ್ದು ಷರತ್ತುಗಳ ಮೇಲೆ: ಒಂದು ವರ್ಷ ಪರೀಕ್ಷಾರ್ಥ, ಕೆಲಸ ನಿರ್ದೇಶಕರಿಗೆ ತೃಪ್ತಿಯಾದರಷ್ಟೇ ಮಾನ್ಯತೆ, ಅವಳಿಂದ ಗಂಡು ಸಂಶೋಧಕರ ಗಮನ ಕೆಡಬಾರದು. ಗುರುಗಳಾಗಿ ಸಿಕ್ಕ ಶ್ರೀನಿವಾಸಯ್ಯನವರು ಆಕೆಯ ಬೆನ್ನಿಗಿದ್ದರು ಎಂಬುದನ್ನೂ ಹೇಳಬೇಕು. ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದಳು, ರಾಮನ್ನರು ತೃಪ್ತರಾದರು, ಆಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದು ಬಂದ ಆಕೆಯನ್ನು ಜಗತ್ತು ಮುಂದೆ ಕಮಲಾ ಸೊಹೊನಿ ಎಂದು ಅರಿಯಿತು. ಆ ಅವಮಾನವನ್ನು ಆಕೆ ಇಳಿವಯಸ್ಸಿನಲ್ಲೂ ಮರೆತಿರಲಿಲ್ಲ.

ಈ ಕತೆಯನ್ನು ನಮ್ಮಲ್ಲಿ ಈಗ ಬಹಳಷ್ಟು ಮಂದಿ ಹೇಳುತ್ತಾರೆ, ಏಕೆಂದರೆ ಹೇಳಲು ಸುಲಭ. ಅನ್ಯಾಯ ಕಣ್ಣಿಗೆ ಕಾಣುತ್ತದೆ, ಮಾಡಿದವರು ಬಾಯಿಬಿಟ್ಟು ಹೇಳಿದ್ದಾರೆ, ಕೊನೆಯಲ್ಲಿ ನಾಯಕಿಗೆ ಜಯವಾಗಿದೆ. ಕತೆ ಬರೆಯುವ ನಮ್ಮಂಥವರಿಗೆ ಇದಕ್ಕಿಂತ ಬೇರೇನು ಬೇಕು! ಆದರೆ ಅದೇ ರಾಮನ್ನರ ಪ್ರಯೋಗಶಾಲೆಯ ಇನ್ನೊಬ್ಬ ಹೆಣ್ಣುಮಗಳ ವಿಚಾರ ಅಷ್ಟು ಸಲೀಸಲ್ಲ. ಅನ್ನಾ ಮಣಿ ತಿರುವಾಂಕೂರಿನಿಂದ ಬಂದವರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಬಿ.ಎಸ್ಸಿ. ಆನರ್ಸ್. 1940ರಿಂದ ಬೆಂಗಳೂರಿನಲ್ಲಿ ವಜ್ರ, ಮಾಣಿಕ್ಯಗಳಿಂದ ಹೊಮ್ಮುವ ಬೆಳಕಿನ ಅಧ್ಯಯನ. ಛಾಯಾಫಲಕಕ್ಕೆ ಬೆಳಕು ಹಿಡಿಯಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲೇ ಕಳೆದರು. ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. 1945ರಲ್ಲಿ ಮಹಾಪ್ರಬಂಧ ಸಲ್ಲಿಸಿದರು. ಆಗ ಪದವಿ ಕೊಡಬೇಕಿದ್ದುದು ಮದರಾಸು ವಿಶ್ವವಿದ್ಯಾಲಯ. ಎಂ.ಎಸ್ಸಿ. ಆಗಿಲ್ಲವಾದ್ದರಿಂದ ಪಿಎಚ್.ಡಿ. ಕೊಡಲು ಬರುವುದಿಲ್ಲ ಎಂದಿತು. ಮುಗಿಯಿತು. ಅನ್ನಾ ಮಣಿ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಹವಾಮಾನ ಇಲಾಖೆ ಸೇರಿ, ಅದರ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಡಾಕ್ಟರ್ ಎನಿಸಿಕೊಳ್ಳಲೇ ಇಲ್ಲ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಇಲ್ಲಿ ನಡೆದದ್ದು ಹೆಣ್ಣೆಂಬ ಕಾರಣದ ಅನ್ಯಾಯವೇ? ನಿಯಮ ಎಲ್ಲರಿಗೂ ಒಂದೇ ಎಂದು ವಿಶ್ವವಿದ್ಯಾಲಯ ಹೇಳಬಹುದು. ಸ್ವತಃ ಅನ್ನಾ ಮಣಿಯೇ ತಾನು ಹೆಣ್ಣಾದ್ದರಿಂದ ಏನೋ ಆಯಿತು ಎಂಬ ಮಾತನ್ನು ಒಪ್ಪುತ್ತಿರಲಿಲ್ಲ, ಹೆಣ್ಣು ಮತ್ತು ವಿಜ್ಞಾನ ಎಂದು ಗದ್ದಲ ಮಾಡುವುದೇ ಅವರಿಗೆ ಹಿಡಿಸುತ್ತಿರಲಿಲ್ಲ. ಅವರ ಆತ್ಮಗೌರವಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಂದು ಮಾತು. ನಿಯಮವನ್ನು ಸಡಿಲಿಸುವ ಅಧಿಕಾರ ಇರುವ ಕಡೆಯಲ್ಲೆಲ್ಲ ಅದನ್ನು ಯಾರಿಗಾಗಿ ಸಡಿಲಿಸುತ್ತಾರೆ ಎಂಬುದು ನಿಯಮದ ಪುಸ್ತಕದಲ್ಲಿ ಬರೆದಿರುವುದಿಲ್ಲ. ‘ಇವನೊಬ್ಬ ಅಸಾಧಾರಣ ಹುಡುಗ, ಏನಾದರೂ ಮಾಡೋಣ’ ಎಂದು ಯಾರೋ ಒಬ್ಬರು ಎದ್ದು ನಿಲ್ಲಬೇಕು. ಯಾರಿಗಾಗಿ ಎದ್ದು ನಿಲ್ಲಬೇಕೆಂದು ಹಿರಿಯರಿಗೆ ಅನಿಸುತ್ತದೆ, ಯಾರ ವಿಷಯದಲ್ಲಿ ಅದು ಹೊಳೆಯುವುದೇ ಇಲ್ಲ ಎನ್ನುವುದು ಒಂದೇ ಕಡತದಿಂದ ತಿಳಿಯದು. ಕಮಲಾ ಸೊಹೊನಿಯ ಕಾಲದ ಗೋಡೆ ಬಿದ್ದ ಮೇಲೆ ಉಳಿದದ್ದು ಈ ಕಾಣದ ಸೋಸುವಿಕೆ.

ಅದನ್ನು ಕಾಣಿಸಲು ಅಮೆರಿಕದ ಕೆಲವು ಸಂಶೋಧಕರು ಒಂದು ಉಪಾಯ ಮಾಡಿದರು. 2012ರಲ್ಲಿ ಪ್ರಕಟವಾದ ಪ್ರಯೋಗ. ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಗೆ ಒಂದೇ ಅರ್ಜಿ, ಅಕ್ಷರ ಅಕ್ಷರವೂ ಒಂದೇ. ಕೆಲವು ಪ್ರತಿಗಳಲ್ಲಿ ಹೆಸರು ಜಾನ್, ಕೆಲವದರಲ್ಲಿ ಜೆನಿಫರ್. 127 ಮಂದಿ ವಿಜ್ಞಾನದ ಅಧ್ಯಾಪಕರ ಕೈಗೆ ಕೊಟ್ಟರು. ಜಾನ್ ಹೆಚ್ಚು ಸಮರ್ಥನಾಗಿ ಕಂಡ. ಅವನಿಗೆ ಸರಾಸರಿ 30,238 ಡಾಲರ್ ವರ್ಷಕ್ಕೆ ಕೊಡಬಹುದೆಂದರು, ಜೆನಿಫರಳಿಗೆ 26,508. ಗಮನಿಸಬೇಕಾದ ಅಂಶವೆಂದರೆ ಈ ತಾರತಮ್ಯವನ್ನು ಮಹಿಳಾ ಅಧ್ಯಾಪಕರೂ ಗಂಡಸರಷ್ಟೇ ಮಾಡಿದರು. ಹಾಗಾಗಿ ಆಯ್ಕೆ ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಕೂರಿಸಿ ಫೋಟೋ ತೆಗೆಸಿಕೊಂಡು ‘ನ್ಯಾಯ ಒದಗಿಸಿದ್ದೇವೆ’ ಎನ್ನುವ ನಮ್ಮ ಸರಕಾರಿ ಪರಿಹಾರ ಅರ್ಧ ಪರಿಹಾರವೂ ಅಲ್ಲ. ಇದು ಗಂಡಸಿನ ಕಣ್ಣಿನ ದೋಷವಲ್ಲ, ಎಲ್ಲರೂ ಹಾಕಿಕೊಂಡಿರುವ ಕನ್ನಡಕದ ದೋಷ.

ಕೆನಡಾದ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ತನ್ನ ಧನಸಹಾಯವನ್ನು ಎರಡು ಭಾಗ ಮಾಡಿತು. ಒಂದರಲ್ಲಿ ತೀರ್ಪುಗಾರರು ಮುಖ್ಯವಾಗಿ ಪ್ರಸ್ತಾವವನ್ನು, ಅಂದರೆ ಮಾಡಹೊರಟ ಕೆಲಸವನ್ನು ನೋಡಬೇಕು. ಇನ್ನೊಂದರಲ್ಲಿ ಮುಖ್ಯವಾಗಿ ಮಾಡುವ ವ್ಯಕ್ತಿ ಎಂಥ ವಿಜ್ಞಾನಿ ಎಂದು ನೋಡಬೇಕು. 7,093 ಮಂದಿಯ 23,918 ಅರ್ಜಿಗಳನ್ನು ಪರಿಶೀಲಿಸಿದ ಲೇಖನ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕೆಲಸವನ್ನು ನೋಡಿದಾಗ ಹೆಂಗಸರ ಯಶಸ್ಸಿನ ಪ್ರಮಾಣ ಗಂಡಸರಿಗಿಂತ ಶೇಕಡಾ 0.9ರಷ್ಟು ಮಾತ್ರ ಹಿಂದೆ. ವ್ಯಕ್ತಿಯನ್ನು ನೋಡಿದಾಗ ಶೇಕಡಾ 4ರಷ್ಟು. ಅಂದರೆ ಹೆಂಗಸರು ಬರೆದ ಪ್ರಸ್ತಾವಗಳು ಸಪ್ಪೆಯಾಗಿರಲಿಲ್ಲ. ಬರೆದವರು ‘ದೊಡ್ಡ ವಿಜ್ಞಾನಿ’ಯಂತೆ ಕಾಣಲಿಲ್ಲ.

ಇದಕ್ಕೆ ಒಂದು ತಕರಾರು ಉಂಟು, ಅದು ಹುರುಳಿಲ್ಲದ್ದಲ್ಲ. ಸಂಶೋಧನೆಗೆ ಕೊಡುವ ಹಣ ಮುಗಿದ ಕೆಲಸಕ್ಕೆ ಕೊಡುವ ಬಹುಮಾನವಲ್ಲ, ಆಗಬೇಕಾದ ಕೆಲಸಕ್ಕೆ ಇಡುವ ನಂಬಿಕೆ. ಮನೆ ಕಟ್ಟಿಸುವವನು ನಕ್ಷೆಯನ್ನಷ್ಟೇ ನೋಡುತ್ತಾನೆಯೇ? ಮೇಸ್ತ್ರಿ ಯಾರು, ಹಿಂದೆ ಯಾರ ಮನೆ ಕಟ್ಟಿದ, ಅರ್ಧಕ್ಕೆ ಬಿಟ್ಟು ಹೋದನೇ ಎಂದು ವಿಚಾರಿಸುವುದಿಲ್ಲವೇ? ವಿಚಾರಿಸಬೇಕು. ಆದರೆ ವಿಚಾರಿಸುವ ಪ್ರಶ್ನೆಗಳು ಅಷ್ಟಕ್ಕೇ ನಿಂತಿದ್ದರೆ ಜಗಳವೇ ಇರುತ್ತಿರಲಿಲ್ಲ. ‘ಎಷ್ಟು ಮನೆ ಕಟ್ಟಿದ್ದಾನೆ’ ಎಂಬುದು ಲೆಕ್ಕ. ‘ನೋಡಿದರೆ ದೊಡ್ಡ ಮೇಸ್ತ್ರಿಯಂತೆ ಕಾಣುತ್ತಾನೆ’ ಎಂಬುದು ಲೆಕ್ಕವಲ್ಲ. ಸ್ವೀಡನ್ನಿನಲ್ಲಿ ಲೆಕ್ಕ ಕಣ್ಣೆದುರಿಗೇ ಇದ್ದರೂ ತೀರ್ಪುಗಾರರು ಎರಡನೆಯದನ್ನು ನಂಬಿದರು ಎಂಬುದೇ ಚಿಂತಿಸಬೇಕಾದ ಸಂಗತಿ.

ಇನ್ನು ಲೆಕ್ಕವನ್ನೇ ಹಿಡಿದು ಹೊರಟರೂ ಎಲ್ಲ ಸಸೂತ್ರ ಎಂದುಕೊಳ್ಳುವಂತಿಲ್ಲ. ನಮ್ಮ ದೇಶದ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನು ತೆಗೆದುಕೊಳ್ಳಿ. 1958ರಿಂದ 2018ರವರೆಗೆ ಐನೂರಕ್ಕೂ ಹೆಚ್ಚು ವಿಜ್ಞಾನಿಗಳಿಗೆ ಬಂದಿದೆ. ಅವರಲ್ಲಿ ಹೆಂಗಸರು ಇಪ್ಪತ್ತು ಮಂದಿಯೂ ಇಲ್ಲ. ಮೊದಲಿಗರು 1961ರಲ್ಲಿ ಅಸೀಮಾ ಚಟರ್ಜಿ. 2020ರಲ್ಲಿ ವೈದ್ಯವಿಜ್ಞಾನಕ್ಕೆ ಈ ಪ್ರಶಸ್ತಿ ಪಡೆದ ಬುಶ್ರಾ ಅತೀಕ್ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂಬುದನ್ನು ನಮ್ಮ ಓದುಗರಿಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಪ್ರಶಸ್ತಿಗೆ ವಯಸ್ಸಿನ ಮಿತಿ 45. ನಿಯಮದಲ್ಲಿ ಹೆಣ್ಣು ಗಂಡಿನ ಮಾತಿಲ್ಲ, ಎಲ್ಲರಿಗೂ ಒಂದೇ. ಆದರೆ ನಮ್ಮ ಮನೆಗಳಲ್ಲಿ ಇಪ್ಪತ್ತೈದರಿಂದ ನಲವತ್ತರವರೆಗಿನ ವರ್ಷಗಳು ಗಂಡಿಗೂ ಹೆಣ್ಣಿಗೂ ಒಂದೇ ಆಗಿವೆಯೇ? ಬಸಿರು, ಬಾಣಂತನ, ಮಕ್ಕಳ ಜ್ವರ, ಅತ್ತೆಯ ಕಾಯಿಲೆ, ಗಂಡನ ವರ್ಗಾವಣೆ ಎಲ್ಲ ಆ ಹದಿನೈದು ವರ್ಷಗಳಲ್ಲೇ. ಗಂಡ ಹೆಂಡತಿ ಇಬ್ಬರೂ ವಿಜ್ಞಾನಿಗಳಾದ ಮನೆಯಲ್ಲೂ ಮಗುವಿನ ಶಾಲೆಯಿಂದ ಫೋನು ಬರುವುದು ತಾಯಿಗೆ. ಒಂದೇ ಅಳತೆಗೋಲು ಎಂಬುದು ನ್ಯಾಯದ ಲಕ್ಷಣ ಹೌದು. ಅಳೆಯಲು ಶುರುಮಾಡುವ ಗೆರೆ ಎಲ್ಲಿದೆ ಎಂಬುದನ್ನೂ ನೋಡಬೇಕಷ್ಟೆ.

ಸರಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ವಿರಾಮದ ಬಳಿಕ ಮರಳಿ ಬರುವ ಹೆಂಗಸರಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿ ಯೋಜನೆ ತಂದಿತು. 2020ರಲ್ಲಿ ಸೆರ್ಬ್ ಮಂಡಳಿಯ ‘ಪವರ್’ ಯೋಜನೆ ಬಂತು. ಆ ಮಂಡಳಿಯನ್ನು 2023ರ ಕಾಯಿದೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಸಿಬಿಟ್ಟಿತು. ಇವುಗಳಿಂದ ನಿಜವಾಗಿಯೂ ಪ್ರಯೋಗಶಾಲೆಗೆ ಮರಳಿದವರಿದ್ದಾರೆ, ಅದನ್ನು ಹಗುರವಾಗಿ ಕಾಣಬಾರದು. ನಮ್ಮ ಅನುಮಾನ ಬೇರೆ. ಮದುವೆ ಮನೆಯಲ್ಲಿ ಹೆಂಗಸರಿಗೆ ಬೇರೆ ಪಂಕ್ತಿ ಹಾಕಿದಂತೆ ಹೆಂಗಸರಿಗೆ ಬೇರೆ ಹುಂಡಿ ಇಟ್ಟಮೇಲೆ, ದೊಡ್ಡ ಹುಂಡಿಯನ್ನು ಹಂಚುವವರ ಕೈಯನ್ನು ಯಾರೂ ನೋಡುವುದಿಲ್ಲ. ‘ನಿಮಗಾಗಿ ಆ ಯೋಜನೆ ಇದೆಯಲ್ಲಮ್ಮ’ ಎಂದು ಮುಖ್ಯ ಬಾಗಿಲಿನಿಂದಲೇ ಕಳುಹಿಸಿಬಿಡಬಹುದು. ಬೇರೆ ಹುಂಡಿಯ ಮೂರು ವರ್ಷ ಮುಗಿದ ಮೇಲೆ ಆಕೆ ಮತ್ತೆ ಅದೇ ಮುಖ್ಯ ಬಾಗಿಲಿಗೇ ಬರಬೇಕು, ಆ ಹೊತ್ತಿಗೆ ವಯಸ್ಸು ಮೂರು ವರ್ಷ ಮುಂದೆ ಹೋಗಿರುತ್ತದೆ.

ಪ್ರಾಮಾಣಿಕತೆಗಾಗಿ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಲ್ಲ ಅಧ್ಯಯನಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. 2015ರಲ್ಲಿ ಹಾಲೆಂಡಿನ ಧನಸಹಾಯದ ಬಗ್ಗೆ ಬಂದ ಲೇಖನವೊಂದು ಹೆಂಗಸರಿಗೆ ಶೇಕಡಾ 14.9, ಗಂಡಸರಿಗೆ ಶೇಕಡಾ 17.7ರಷ್ಟು ಯಶಸ್ಸು ಎಂದು ತೋರಿಸಿತು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ ವಿಷಯಗಳಲ್ಲೇ ಹಣ ಕಡಿಮೆ, ಪೈಪೋಟಿ ಹೆಚ್ಚು, ಆದ್ದರಿಂದ ಒಟ್ಟು ಲೆಕ್ಕ ಮೋಸಮಾಡುತ್ತದೆ ಎಂದು ಬೇರೆಯವರು ಕೂಡಲೇ ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಸತ್ಯವಿದೆ. (ಹೆಂಗಸರು ಹೆಚ್ಚಿರುವ ವಿಷಯಗಳಿಗೇ ಏಕೆ ಹಣ ಕಡಿಮೆ ಎಂಬುದು ಇನ್ನೊಂದು ಲೇಖನದ ವಸ್ತು.) ಈಚಿನ ವರ್ಷಗಳ ಅಂಕಿಅಂಶಗಳನ್ನೆಲ್ಲ ಸೇರಿಸಿ 2023ರಲ್ಲಿ ಬಂದ ದೀರ್ಘ ಸಮೀಕ್ಷೆಯೊಂದು, ಧನಸಹಾಯದಲ್ಲೂ ಲೇಖನ ಸ್ವೀಕಾರದಲ್ಲೂ ತಕ್ಕಡಿ ಈಗ ಹೆಚ್ಚುಕಡಿಮೆ ಸಮವಾಗಿದೆ, ಸಂಬಳದಲ್ಲೂ ಪಾಠದ ಮೌಲ್ಯಮಾಪನದಲ್ಲೂ ಅಲ್ಲ ಎಂದಿತು.

ಎಲ್ಲಕ್ಕಿಂತ ಕುತೂಹಲದ್ದು ಸ್ವೀಡನ್ನಿನ ಮುಂದಿನ ಕತೆ. 2008ರಲ್ಲಿ ಬೇರೆ ಇಬ್ಬರು ಸಂಶೋಧಕರು ಅದೇ ವೈದ್ಯಕೀಯ ಧನಸಹಾಯದ ಕಡತಗಳನ್ನು ಮತ್ತೆ ಬಿಚ್ಚಿ ನೋಡಿದರು. ಹೆಂಗಸರ ವಿರುದ್ಧದ ಪಕ್ಷಪಾತ ಕಾಣಲಿಲ್ಲ, ಬದಲಿಗೆ ಅವರಿಗೆ ತುಸು ಅನುಕೂಲವೇ ಆಗಿತ್ತು. ಹತ್ತು ವರ್ಷದಲ್ಲಿ ಇಷ್ಟು! ಮನುಷ್ಯ ಸ್ವಭಾವ, ಶತಮಾನಗಳ ಸಂಸ್ಕಾರ, ಬದಲಾಗಲು ತಲೆಮಾರುಗಳು ಬೇಕು ಎಂದು ಗಡ್ಡ ನೀವಿಕೊಳ್ಳುವವರಿಗೆ ಇದು ಉತ್ತರ. ಆದರೆ ವೆನ್ನೆರಾಸ್ ಮತ್ತು ವೋಲ್ಡ್ 1997ರಲ್ಲೇ ಇನ್ನೊಂದು ರೋಗವನ್ನೂ ಅಳೆದು ತೋರಿಸಿದ್ದರು. ಅದರ ಸುದ್ದಿ ಹೆಚ್ಚು ಹಬ್ಬಲಿಲ್ಲ. ತೀರ್ಪುಗಾರರಲ್ಲಿ ಯಾರಿಗಾದರೂ ಪರಿಚಿತನಾದ ಅರ್ಜಿದಾರನಿಗೆ, ಗಂಡಸಾಗಿದ್ದುದರಿಂದ ಸಿಗುತ್ತಿದ್ದಷ್ಟೇ ದೊಡ್ಡ ಲಾಭ ಪರಿಚಯದಿಂದಲೂ ಸಿಗುತ್ತಿತ್ತು. ನಿಯಮದ ಪ್ರಕಾರ ಪರಿಚಯದವರು ಅಂಕ ಹಾಕುವಂತಿರಲಿಲ್ಲ, ಹಾಕಲೂ ಇಲ್ಲ. ಉಳಿದ ನಾಲ್ವರು ಸಹೋದ್ಯೋಗಿಯ ಮುಖ ನೋಡಿ ಕೈ ಸಡಿಲಿಸಿದರು. ಹೆಣ್ಣೂ ಆಗಿ, ಗುರುತಿನವರೂ ಇಲ್ಲದವಳು ಎರಡು ಹೊರೆ ಹೊರಬೇಕಿತ್ತು. 2008ರ ಲೆಕ್ಕದಲ್ಲಿ ಈ ಎರಡನೆಯ ರೋಗ ಇದ್ದಂತೆಯೇ ಇತ್ತು.

ಒಂದೇ ಲೇಖನ ಎರಡೂ ರೋಗಗಳನ್ನು ಒಂದೇ ಅಳತೆಯಲ್ಲಿ ತೋರಿಸಿತ್ತು. ಒಂದು ವಾಸಿಯಾಯಿತು, ಇನ್ನೊಂದು ಆಗಲಿಲ್ಲ. ಏಕೆ? ನಮಗೆ ತೋರುವ ಕಾರಣ ಇದು: ಹೆಣ್ಣೆಂದು ಅಂಕ ಕಡಿಮೆ ಹಾಕಿದೆ ಎನಿಸಿಕೊಳ್ಳುವುದು ಸ್ವೀಡನ್ನಿನ ಪ್ರೊಫೆಸರಿಗೆ ಅಪಮಾನ. ಗೆಳೆಯನ ಶಿಷ್ಯನಿಗೆ ತುಸು ಹೆಚ್ಚು ಹಾಕಿದೆ ಎನಿಸಿಕೊಳ್ಳುವುದು ಎಲ್ಲಿಯೂ ಯಾರಿಗೂ ಅಪಮಾನವಲ್ಲ, ಅದು ದಾಕ್ಷಿಣ್ಯ, ಮನುಷ್ಯತ್ವ. ಕನ್ನಡದ ‘ವಶೀಲಿ’ ಎಂಬ ಶಬ್ದ ಬಂದದ್ದು ‘ವಸೀಲಾ’ದಿಂದ. ಮೂಲದಲ್ಲಿ ಅದಕ್ಕೆ ಸಾಧನ, ತಲಪುವ ದಾರಿ ಎಂಬ ಗೌರವದ ಅರ್ಥ. ಕನ್ನಡದವರು ಅದರ ಬಣ್ಣವನ್ನು ಸರಿಯಾಗಿಯೇ ಗುರುತಿಸಿದರು. ಆದರೂ ನಮ್ಮ ಮನೆಯ ಹುಡುಗನಿಗೆ ಕೆಲಸ ಆಗಬೇಕಾದಾಗ ಅದು ಮತ್ತೆ ವಸೀಲಾ ಆಗುತ್ತದೆ, ಎದುರು ಮನೆಯ ಹುಡುಗನಿಗೆ ಆದಾಗ ವಶೀಲಿ.

ಇದನ್ನು ನಾವು ವಿಶೇಷವಾಗಿ ಏಕೆ ಹೇಳುತ್ತಿದ್ದೇವೆಂದರೆ, ನಮ್ಮ ತಾಲೂಕುಗಳ ಉರ್ದು ಶಾಲೆಗಳಿಂದ, ಕನ್ನಡ ಶಾಲೆಗಳಿಂದ ಮೊದಲ ತಲೆಮಾರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಬರುವ ಹೆಣ್ಣುಮಕ್ಕಳಿಗೆ ತಟ್ಟುವುದು ಈ ಎರಡನೆಯ ರೋಗ. ಕಮಲಾ ಸೊಹೊನಿಗೆ ಅಷ್ಟೆಲ್ಲ ಆದರೂ ಮನೆಯಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರಿದ್ದರು, ಯಾವ ಬಾಗಿಲು ಬಡಿಯಬೇಕೆಂದು ಗೊತ್ತಿತ್ತು. ತಂದೆ ಬೀಡಿಯ ಕಂಟ್ರಾಕ್ಟರನೋ ಲಾರಿ ಚಾಲಕನೋ ಆದವಳಿಗೆ ಸಂದರ್ಶನದಲ್ಲಿ ‘ಯಾರ ಬಳಿ ಕೆಲಸ ಮಾಡಿದ್ದೀರಿ’ ಎಂಬ ಪ್ರಶ್ನೆಗೆ ಹೇಳಲು ಹೆಸರಿಲ್ಲ. ಅವಳು ಸೋತರೆ ಅದು ಹೆಣ್ಣಾದ್ದರಿಂದಲೋ, ಬುರ್ಖಾದಿಂದಲೋ, ಊರಿನಿಂದಲೋ, ಇಂಗ್ಲಿಷಿನಿಂದಲೋ, ಕೆಲಸವೇ ಸಾಲದ್ದರಿಂದಲೋ ಅವಳಿಗೂ ತಿಳಿಯದು. ತಿಳಿಯದಿರುವುದರಿಂದ ಕೊನೆಯ ಕಾರಣವನ್ನೇ ನಂಬಿಕೊಂಡು ಮನೆಗೆ ಹೋಗುತ್ತಾಳೆ. ನಮಗೆ ಇಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಇದೇ.

ಕಡತ ತೆರೆದು ನೋಡುವ ಹಕ್ಕು ನಮ್ಮಲ್ಲೂ ಇದೆ. ಕರ್ನಾಟಕವಂತೂ 2005ರ ಕೇಂದ್ರ ಕಾಯಿದೆಗಿಂತ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕಿನ ಕಾಯಿದೆ ಮಾಡಿತ್ತು. ಪರೀಕ್ಷಾರ್ಥಿ ತನ್ನ ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡಬಹುದು, ಆದರೆ ಪರೀಕ್ಷಕರ ಹೆಸರು ಕೊಡಬೇಕಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬೊಬ್ಬರು ತಮ್ಮ ತಮ್ಮ ಪತ್ರಿಕೆ ನೋಡಿಕೊಳ್ಳಲು ಅಷ್ಟು ಸಾಕು. ಆದರೆ ಈ ಅನ್ಯಾಯ ಒಂದು ಪತ್ರಿಕೆಯಲ್ಲಿ ಕಾಣುವಂಥದ್ದಲ್ಲವೆಂದು ಆಗಲೇ ಹೇಳಿದೆವು. ಹೆಸರು ಅಳಿಸಿಯಾದರೂ ಸರಿ, ಎಲ್ಲ ಅರ್ಜಿಗಳ ಎಲ್ಲ ಅಂಕಗಳನ್ನೂ ಹಣ ಹಂಚುವ ಸಂಸ್ಥೆಗಳೇ ವರ್ಷವರ್ಷ ಹೊರಗಿಡಬೇಕು. ಯಾರೋ ಇಬ್ಬರು ಹಟಮಾರಿ ಹೆಂಗಸರು ಕೋರ್ಟಿಗೆ ಹೋಗುವವರೆಗೆ ಕಾಯಬಾರದು.

ಇನ್ನೊಂದು ದಾರಿಯನ್ನು ಕನ್ನಡದ ಕತೆಗಾರರು ಯಾವಾಗಲೋ ಬಲ್ಲರು. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲಿ ಹಸ್ತಪ್ರತಿಯ ಮೇಲೆ ಹೆಸರು ಬರೆಯಕೂಡದು, ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ತೀರ್ಪುಗಾರರ ಕೈಗೆ ಹೋಗುವುದು ಕತೆ ಮಾತ್ರ. ಎಷ್ಟೋ ಹೆಂಗಸರೂ, ಹೆಸರು ನೋಡಿದೊಡನೆ ‘ಇವರಿಗೆ ಕನ್ನಡ ಬರುತ್ತದೆಯೇ’ ಎಂದು ಕೇಳಿಸಿಕೊಳ್ಳುವ ನಮ್ಮವರೂ ಆ ಕಿಂಡಿಯಿಂದಲೇ ಒಳಗೆ ಬಂದಿದ್ದೇವೆ. ವಿಜ್ಞಾನದಲ್ಲಿ ಇದು ಆಗದ ಮಾತು ಎನ್ನುತ್ತಿದ್ದರು. ಹಬಲ್ ದೂರದರ್ಶಕವನ್ನು ಬಳಸಲು ಸಮಯ ಕೋರಿ ಜಗತ್ತಿನ ಖಗೋಳ ವಿಜ್ಞಾನಿಗಳು ಹಾಕುವ ಅರ್ಜಿಗಳಲ್ಲಿ ಗಂಡಸರ ಯಶಸ್ಸಿನ ಪ್ರಮಾಣ ವರ್ಷಗಟ್ಟಲೆ ತುಸು ಮೇಲೇ ಇರುತ್ತಿತ್ತು. 2018ರಲ್ಲಿ ಅರ್ಜಿದಾರರ ಹೆಸರನ್ನು ಪೂರ್ತಿ ಮರೆಮಾಡಿದರು. ಆ ಸುತ್ತಿನಲ್ಲಿ ಹೆಂಗಸರ ಯಶಸ್ಸು ಶೇಕಡಾ 8.7, ಗಂಡಸರದ್ದು ಶೇಕಡಾ 8. ಮೇಸ್ತ್ರಿ ಯಾರೆಂದು ನೋಡಬೇಡವೇ ಎಂಬ ಪ್ರಶ್ನೆಗೂ ಅಲ್ಲಿ ಉತ್ತರ ಕಂಡುಕೊಂಡಿದ್ದಾರೆ: ಮೊದಲು ಕೆಲಸಕ್ಕೆ ಸ್ಥಾನ ನಿರ್ಧಾರವಾಗುತ್ತದೆ, ಆಮೇಲಷ್ಟೇ ತಂಡದ ಅನುಭವದ ಹಾಳೆಯನ್ನು ತೆರೆಯುತ್ತಾರೆ.

ಚರ್ಚೆಯ ಕೋಣೆಯಲ್ಲಿ ಒಬ್ಬರನ್ನು ಇದಕ್ಕೆಂದೇ ಕೂರಿಸುತ್ತಾರೆ. ಅವರು ಅಂಕ ಹಾಕುವುದಿಲ್ಲ. ಮಾತು ಕೆಲಸವನ್ನು ಬಿಟ್ಟು ‘ಇದು ಯಾರ ಅರ್ಜಿಯೆಂದು ನನಗೆ ಗೊತ್ತು’ ಎಂಬ ಕಡೆಗೆ ಹೊರಳಿದ ಕೂಡಲೇ ಚರ್ಚೆಯನ್ನು ನಿಲ್ಲಿಸುವ ಅಧಿಕಾರ ಅವರಿಗಿದೆ. ಹೆಸರು ಮರೆಯಾದ ಮೇಲೆ ಹೆಂಗಸರ ಲೆಕ್ಕಕ್ಕಿಂತಲೂ ಎದ್ದು ಕಂಡ ಬದಲಾವಣೆಯೆಂದರೆ, ಅದುವರೆಗೆ ಹಬಲ್‌ನ ಸಮಯ ಒಮ್ಮೆಯೂ ಸಿಗದಿದ್ದ ಹೊಸಬರು ಹೆಚ್ಚು ಸಂಖ್ಯೆಯಲ್ಲಿ ಆಯ್ಕೆಯಾಗತೊಡಗಿದ್ದು.